ಪವಿತ್ರಳ ಕಾಲಿನ ಮೇಲೆ ನನ್ನ ಕಣ್ಣು

ಹೋದ ತಿಂಗಳು ಬೆಂಗಳೂರಿನಲ್ಲಿ ವರ್ಷದ ತಪಾಸಣೆ ಮುಗಿಸಿಕೊಂಡು ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ಮಗುವಿಗೆ ಮೂಸಂಬಿ ಸುಲಿದು ಕೊಡುತ್ತಿದ್ದಳು. ಆ ಸಿಪ್ಪೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕಂಬ ಹಿಡಿದು ನಿಂತುಕೊಂಡೆ. ಮೂಸಂಬಿ ಎಂದರೆ ನನಗೆ ಆರನೇ ಕ್ಲಾಸಿನ ವರ್ಷ, ಕ್ಯಾನ್ಸರ್ ವಾರ್ಡು ಮತ್ತು ಕಣಕಟ್ಟೆಯ ಪವಿತ್ರ. ಮೂರರಲ್ಲಿ ಹೆಚ್ಚು ಸಂಕಟ ಕೊಟ್ಟದ್ದು ಯಾವುದು ಎಂದು ಯಾರಾದರೂ ಕೇಳಿದರೆ ಪವಿತ್ರ ಎಂದೇ ಹೇಳುತ್ತೇನೆ.

ನಮ್ಮದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ಮನೆಯಲ್ಲಿ ಹಸುಗಳು, ಹೊಲದಲ್ಲಿ ರಾಗಿ, ಜೋಳ. ಶಾಲೆಯಲ್ಲಿ ನಾನು ಖೋ ಖೋ ಆಡುತ್ತಿದ್ದೆ. ಆಡುತ್ತಿದ್ದೆ ಎಂದು ಸುಮ್ಮನೆ ಹೇಳಿಬಿಟ್ಟರೆ ನನಗೆ ನಾನೇ ಅನ್ಯಾಯ ಮಾಡಿಕೊಂಡಂತೆ. ನಾನು ಓಡಲು ಇಳಿದರೆ ಮುಟ್ಟುವವರೇ ಇರಲಿಲ್ಲ. "ಭವ್ಯ, ನಿನ್ ಕಾಲಿಗೆ ಬ್ರೇಕೇ ಇಲ್ವಲ್ಲೇ" ಎಂದು ಪಿ.ಟಿ. ಮೇಷ್ಟ್ರು ಎಲ್ಲರ ಮುಂದೆ ಹೇಳುತ್ತಿದ್ದರು. ಆ ವರ್ಷ ಬೇಲೂರಿನಲ್ಲಿ ತಾಲ್ಲೂಕು ಮಟ್ಟದ ಆಟ ನಡೆದಾಗ ಕಂಬ ಸುತ್ತಿ ತಿರುಗುವಾಗ ಎಡ ಮಂಡಿಯ ಮೇಲೆ ಚಳಕು ಹೊಡೆಯಿತು. ಆಟದಲ್ಲಿ ಉಳುಕಿದೆ ಎಂದರು. ಉಳುಕು ನೀವುವವರ ಹತ್ತಿರ ಕರೆದುಕೊಂಡು ಹೋಗಿ ಬಿಸಿ ಎಣ್ಣೆ ಹಾಕಿ ನೀವಿಸಿದರು. ನೀವಿದಷ್ಟೂ ಊದಿತು. ರಾಗಿ ಕೊಯ್ಲಿನ ಹೊತ್ತಿಗೆ ರಾತ್ರಿಯೆಲ್ಲ ನೋವಿಗೆ ಕೂಗಿಕೊಳ್ಳುತ್ತಿದ್ದೆ. ಹಾಸನದಲ್ಲಿ ಎಕ್ಸ್‌ರೇ ತೆಗೆದವರು ಅಪ್ಪನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಊರಲ್ಲಿ ಸಂಕ್ರಾಂತಿಯ ಎಳ್ಳು ಬೀರುತ್ತಿದ್ದಾಗ ನಾವು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದೆವು.

ತೊಡೆಮೂಳೆಯ ತುದಿಯಲ್ಲಿ ಗಡ್ಡೆ, ಮಂಡಿಗೆ ಅಂಟಿದಂತೆ. ಮೊದಲು ಔಷಧಿ ಕೊಟ್ಟು ಅದನ್ನು ಅಡಗಿಸುವುದು, ಆಮೇಲೆ ಆಪರೇಶನ್, ಮತ್ತೆ ಔಷಧಿ, ಒಟ್ಟು ಹತ್ತಿರ ಹತ್ತಿರ ಒಂದು ವರ್ಷದ ಕೆಲಸ. ಅವ್ವ ಕೇಳಿದ್ದು ಒಂದೇ ಮಾತು.

"ಕಾಲು ತೆಗೆದ್ಬಿಡ್ತೀರಾ ಸ್ವಾಮಿ?"

"ಕಾಲು ಉಳಿಸೋದಕ್ಕೆ ದಾರಿಗಳಿವೆ ಅಮ್ಮ. ಮೊದ್ಲು ಹುಡುಗಿ ಉಳೀಲಿ" ಎಂದರು ಡಾಕ್ಟ್ರು.

ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯೇ ಪವಿತ್ರಳದು. ಅವಳೂ ಆರನೇ ಕ್ಲಾಸು, ಅದೇ ಕಾಯಿಲೆ, ಅದೇ ಜಾಗ. ನನ್ನದು ಎಡಗಾಲು, ಅವಳದು ಬಲಗಾಲು. ಕಣಕಟ್ಟೆಯವರು, ತೆಂಗಿನ ತೋಟ ಇತ್ತು. ಅವಳ ತಾಯಿ ಸಾಕಮ್ಮ ಮತ್ತು ನಮ್ಮವ್ವ ಮೊದಲ ದಿನವೇ ಊರು ಕೇರಿ ವಿಚಾರಿಸಿಕೊಂಡು ಹಳೆಯ ನೆಂಟರಂತಾದರು. ನಾವು ಹಳೇಬೀಡಿನಿಂದ ಜಾವಗಲ್ ಮೇಲೆ ಬಸ್ಸಿನಲ್ಲಿ ಅರಸೀಕೆರೆಗೆ ಬರಬೇಕು, ಅವರು ಕಣಕಟ್ಟೆಯಿಂದ ಅಲ್ಲಿಗೇ ಬರಬೇಕು, ಅಲ್ಲಿಂದ ಮುಂದೆ ಒಂದೇ ರೈಲು. ಹೀಗಾಗಿ ಆ ವರ್ಷ ಪ್ರತಿ ಸಲ ಔಷಧಿಗೆ ಹೋಗುವಾಗಲೂ ನಾವು ನಾಲ್ವರು ಅರಸೀಕೆರೆಯ ಪ್ಲಾಟ್‌ಫಾರ್ಮಿನಲ್ಲಿ ಸೇರುತ್ತಿದ್ದೆವು. ಅಪ್ಪ ಹಸು ಹೊಲ ನೋಡಿಕೊಂಡು ಊರಲ್ಲೇ ಇರುತ್ತಿದ್ದರು.

ಪವಿತ್ರ ಓಡುವ ಪೈಕಿಯಲ್ಲ. ಕೂತಲ್ಲಿ ಕೂತು ಚಿತ್ರ ಬರೆಯುವುದು, ಬರೆದು ಸಾಕಾದರೆ ಮಲಗುವುದು, ಇಷ್ಟೇ ಅವಳಿಗೆ ಗೊತ್ತಿದ್ದದ್ದು. ನಾನು ಖೋ ಖೋ ಕಥೆ ಹೇಳಿದರೆ ಆಕಳಿಸುತ್ತಿದ್ದಳು. "ಓಡಿದ್ರೆ ಬೆವರು ಬತ್ತದೆ ಕಣೇ, ಯಾರಿಗ್ ಬೇಕು" ಅನ್ನುತ್ತಿದ್ದಳು. ಈ ಮಾತನ್ನು ಓದುವವರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ನನ್ನ ಹೊಟ್ಟೆಯುರಿಯ ಬೇರು ಇಲ್ಲಿಯೇ ಇದೆ.

ಆದರೆ ಅದು ಶುರುವಾದದ್ದು ಔಷಧಿಯಿಂದ. ಕೆಂಪು ಬಣ್ಣದ ಒಂದು ಔಷಧಿ ಇತ್ತು, ವಾರ್ಡಿನ ಮಕ್ಕಳೆಲ್ಲ ಅದನ್ನು ಶರಬತ್ತು ಎನ್ನುತ್ತಿದ್ದೆವು. ಅದು ನರಕ್ಕೆ ಇಳಿದರೆ ನನಗೆ ಮೂರು ದಿನ ಕರುಳು ಕಿತ್ತು ಬರುವಂತೆ ವಾಂತಿ. ಪವಿತ್ರ ಒಂದು ಸಲ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, "ಅವ್ವಾ, ಹೊಟ್ಟೆ ಹಸೀತದೆ" ಎನ್ನುತ್ತಿದ್ದಳು. ನನ್ನ ಕೂದಲು ದಿಂಬಿನ ಮೇಲೆ ಗೊಂಚಲು ಗೊಂಚಲಾಗಿ ಉದುರಿ ತಲೆ ಬೋಳಾದಾಗಲೂ ಅವಳ ಎರಡು ಜಡೆ ಹಾಗೆಯೇ ಇದ್ದವು. ನನ್ನ ರಕ್ತದ ಕೌಂಟ್ ಇಳಿದರೆ ಏಳುತ್ತಲೇ ಇರಲಿಲ್ಲ, ಅವಳದು ಹಾಲಿನಂತೆ ಉಕ್ಕಿ ಬರುತ್ತಿತ್ತು. ನರ್ಸುಗಳು ಅವಳನ್ನು ಚಿನ್ನ ಎನ್ನುತ್ತಿದ್ದರು, ನನ್ನನ್ನು ಭವ್ಯ ಎನ್ನುತ್ತಿದ್ದರು. ಅವಳ ಜಡೆ ಒಂದು ದಿನ ಉದುರಲು ಶುರುವಾದಾಗ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಆವತ್ತು ಪೂರಾ ಒಂದು ಲೋಟ ಹಾಲು ಕುಡಿದೆ.

ಅವ್ವ ಇದನ್ನು ಕಂಡುಕೊಂಡಳು. ಆಮೇಲೆ ನನಗೆ ಊಟ ಮಾಡಿಸಲು ಅವಳಿಗೆ ಬೇರೆ ಉಪಾಯ ಬೇಕಾಗಲಿಲ್ಲ. "ಪವಿತ್ರ ಎರಡು ಇಡ್ಲಿ ತಿಂದ್ಲಂತೆ, ನೀನು ಚೂರೂ ಮುಟ್ಟಿಲ್ಲ" ಎನ್ನುವಳು. ನಾನು ಮೂರು ತಿನ್ನುತ್ತಿದ್ದೆ. ಊರಲ್ಲಿದ್ದಾಗ ಫೋನು ಕೆಳಗಿಟ್ಟು, "ಸಾಕಮ್ಮಕ್ಕ ಮಾತಾಡಿದ್ಳು. ಅವಳ ಮಗಳು ಅರ್ಧ ಮುದ್ದೆ ಉಂಡು ತೋಟದ ತಂಕ ನಡ್ಕೊಂಡ್ ಹೋಗಿದ್ಳಂತೆ" ಎನ್ನುವಳು. ಬಾಯಿ ತುಂಬ ಹುಣ್ಣು, ಉಗುಳು ನುಂಗಿದರೆ ಕಣ್ಣಲ್ಲಿ ನೀರು. ಆದರೂ ಮುದ್ದೆ ನುಂಗಿ, ಊರುಗೋಲು ಹಿಡಿದು ಮನೆಯಿಂದ ನಮ್ಮೂರ ಹಳೆಯ ಜೈನ ಬಸದಿಯವರೆಗೆ ನಡೆದು ಬರುತ್ತಿದ್ದೆ. ಪ್ರವಾಸಿಗರಿಲ್ಲದ ಹೊತ್ತು ನೋಡಿ ಬಸದಿಯ ಒಳಗೆ ಹೋಗಿ ಮುಖ ಕಾಣುವಷ್ಟು ನುಣುಪಾದ ಕಂಬಗಳ ಎದುರು ನಿಲ್ಲುತ್ತಿದ್ದೆ. ಕರೀ ಕಲ್ಲಿನಲ್ಲಿ ಬೋಳುತಲೆಯ, ಕಡ್ಡಿಯಂಥ ಹುಡುಗಿ ಕಾಣುತ್ತಿದ್ದಳು. ಪವಿತ್ರ ಇದಕ್ಕಿಂತ ಚೆನ್ನಾಗಿಯೇ ಇರುತ್ತಾಳೆ ಎಂದು ಅಲ್ಲಿಯೂ ಮೈ ಉರಿಯುತ್ತಿತ್ತು.

ಯುಗಾದಿ ಕಳೆದ ಮೇಲೆ, ಬಿಸಿಲು ಕೆಟ್ಟದಾಗಿ ಕಾಯುತ್ತಿದ್ದ ಒಂದು ದಿನ ಅರಸೀಕೆರೆಯಲ್ಲಿ ರೈಲು ತಡವಾಗಿತ್ತು. ತಾಯಂದಿರಿಬ್ಬರೂ ನೀರು ಹಿಡಿಯಲು ಹೋಗಿದ್ದರು. ಪವಿತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು:

"ನಿಂಗೆ ಅದೆಂಗೇ ದಿನಾ ಎರಡೆರಡು ಮುದ್ದೆ ಸೇರ್ತದೆ?"

"ಎರಡಾ? ಯಾರ್ ಹೇಳಿದ್ದು?"

"ನಮ್ಮವ್ವ. ಭವ್ಯ ಎರಡು ಉಂಡ್ಲು, ಭವ್ಯ ಕೆರೆ ಏರಿ ಹತ್ತಿ ಇಳಿದ್ಲು, ನೀನು ಸೋಂಬೇರಿ ಅಂತ ದಿನಾ ಬೈಯ್ತಾಳೆ. ನಾನು ಮುದ್ದೆ ಮುಖ ನೋಡಿ ತಿಂಗಳಾಯ್ತು ಕಣೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಲ್ಲಿಯ ಹತ್ತಿರ ಆ ಇಬ್ಬರು ಹೆಂಗಸರು ಬಾಟಲಿ ತುಂಬಿಸುತ್ತ, ತಲೆಗೆ ತಲೆ ತಾಗಿಸಿ, ಮುಂದಿನ ವಾರದ ಸುಳ್ಳುಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಪವಿತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಇಲ್ಲದ ಪವಿತ್ರಳ ಮೇಲೆ ಮೂರು ತಿಂಗಳು ಕರುಬಿ, ಹುಣ್ಣುಬಾಯಿಯಲ್ಲಿ ಮುದ್ದೆ ನುಂಗಿದ್ದೆನಲ್ಲ ಎಂದು ಸಿಟ್ಟು ನೆತ್ತಿಗೇರಿತು. ಬೆಂಗಳೂರು ಮುಟ್ಟುವವರೆಗೆ ಅವ್ವನ ಹತ್ತಿರ ಮಾತು ಬಿಟ್ಟೆ.

ಆಪರೇಶನ್ ಹತ್ತಿರ ಬಂದಾಗ ಡಾಕ್ಟ್ರು ಎರಡೂ ಮನೆಯವರನ್ನು ಒಟ್ಟಿಗೆ ಕೂರಿಸಿಕೊಂಡರು. ಅಪ್ಪನೂ ಊರಿಂದ ಬಂದಿದ್ದರು. ಡಾಕ್ಟ್ರು ಜೇಬಿನ ಪೆನ್ನು ತೆಗೆದು ಬೆರಳಿನಿಂದ ಅದರ ನಡುಭಾಗ ತೋರಿಸಿದರು. ಗಡ್ಡೆ ಇರುವ ಈ ಭಾಗವನ್ನು, ಮಂಡಿ ಸಮೇತ, ತೆಗೆಯಲೇಬೇಕು. ತೆಗೆದ ಜಾಗಕ್ಕೆ ಲೋಹದ ಮೂಳೆ, ಲೋಹದ ಕೀಲು ಹಾಕಬಹುದು. ನೋಡಲು ಕಾಲು ಕಾಲಿನಂತೆಯೇ ಇರುತ್ತದೆ. ಆದರೆ ಬೆಳೆಯುವ ಮಕ್ಕಳಾದ್ದರಿಂದ ಮತ್ತೆ ಮತ್ತೆ ಆಪರೇಶನ್ ಬೇಕಾಗಬಹುದು, ಓಡುವಂತಿಲ್ಲ, ಜಿಗಿಯುವಂತಿಲ್ಲ, ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ. ಇನ್ನೊಂದು ದಾರಿ ಇದೆ ಎಂದು ಪೆನ್ನನ್ನು ಬಿಚ್ಚಿದರು. ನಡುಭಾಗ ತೆಗೆದು, ಉಳಿದ ಕೆಳಗಿನ ಕಾಲನ್ನು ಮೇಲಕ್ಕೆ ತಂದು, ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಜೋಡಿಸುವುದು. ಪಾದ ಮಂಡಿಯ ಜಾಗಕ್ಕೆ ಬರುತ್ತದೆ, ಹಿಮ್ಮಡಿ ಮುಂದಕ್ಕೆ, ಬೆರಳು ಹಿಂದಕ್ಕೆ. ಕಾಲಿನ ಗಿಣ್ಣೇ ಆಮೇಲೆ ಮಂಡಿಯ ಕೆಲಸ ಮಾಡುತ್ತದೆ. ಅದಕ್ಕೆ ಕೃತಕ ಕಾಲು ತೊಡಿಸಿದರೆ ಮಕ್ಕಳು ಓಡುತ್ತಾರೆ, ಆಡುತ್ತಾರೆ. ಇಬ್ಬರಿಗೂ ತಿರುಗಿಸುವುದೇ ವಾಸಿ ಎಂದು ತಮಗನಿಸುತ್ತದೆ, ಆದರೆ ಯೋಚಿಸಿ ಹೇಳಿ ಎಂದರು.

ಓಡುತ್ತಾರೆ ಎಂಬ ಮಾತು ಕೇಳಿದ ಮೇಲೆ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ಅವ್ವನಿಗೆ ಹಿಂದುಮುಂದು ಎಂಬ ಮಾತು ಬಿಟ್ಟು ಬೇರೇನೂ ಬೀಳಲಿಲ್ಲ.

"ಬ್ಯಾಡ" ಎಂದಳು. "ಪಾದ ಹಿಂದ್ಕಿರೋದು ದೆವ್ವಕ್ಕೆ."

ನಮ್ಮ ಕಡೆಯ ಮಕ್ಕಳಿಗೆಲ್ಲ ಇದು ಗೊತ್ತು. ದಾರಿಯಲ್ಲಿ ಒಂಟಿ ಹೆಂಗಸು ಎದುರಾಗಿ ಸುಣ್ಣ ಕೇಳಿದರೆ ಮೊದಲು ಅವಳ ಪಾದ ನೋಡಬೇಕು, ಬೆರಳು ಹಿಂದಕ್ಕೆ ತಿರುಗಿದ್ದರೆ ಉಸಿರೆತ್ತದೆ ಓಡಬೇಕು. ಇದನ್ನು ಕೇಳಿಯೇ ನಾನೂ ಬೆಳೆದದ್ದು, ಅವ್ವನೂ ಬೆಳೆದದ್ದು. ಅಪ್ಪ ಮೆಲ್ಲಗೆ, "ಡಾಕ್ಟ್ರು ಹೇಳ್ತಾವ್ರೆ ಕಣೇ, ಓಡಾಡಬೋದಂತೆ" ಎಂದರು. ಅವ್ವ ಅವರ ಕಡೆ ತಿರುಗಿದಳು.

"ಓಡಾಡ್ತಾಳೆ. ಓಡಾಡೋದ ನೋಡಿ ಊರ್ ಮಕ್ಕಳು ಏನಂತ ಕೂಗ್ತಾವೆ ಹೇಳಿ. ನಾಳೆ ಇವಳನ್ನ ಒಂದು ಬಾಣಂತಿ ಮನೇಗೆ ಸೇರಿಸ್ತಾರಾ? ಯಾರ್ ಮನೇಲಿ ಮಗು ಜ್ವರ ಬಂದು ಮಲಗಿದ್ರೂ ಇವಳ ಹೆಸರೇ ಹೇಳ್ತಾರೆ. ನನ್ ಮಗಳು ಕುಂಟಿದ್ರೆ ಕುಂಟ್ಲಿ, ದೆವ್ವ ಅನ್ನಿಸ್ಕೊಳೋದು ಬ್ಯಾಡ."

ಸಾಕಮ್ಮ ಅಷ್ಟು ಹೊತ್ತೂ ಡಾಕ್ಟ್ರ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದಳು. ಅವಳಿಗೂ ಈ ದೆವ್ವದ ಕಥೆಗಳೆಲ್ಲ ಗೊತ್ತಿದ್ದವು, ಅವಳೇನು ಬೇರೆ ದೇಶದವಳಲ್ಲ. "ನಮ್ಮುಡುಗಿಗೆ ತಿರುಗ್ಸಿ ಸಾರ್" ಎಂದಳು. "ಹಿಂದ್ಮುಂದಾದ್ರೂ ಸರಿ, ಮೇಲ್ಕೆಳಗಾದ್ರೂ ಸರಿ, ಮನೇಗ್ ಬಂದ್ರೆ ಸಾಕು ನಂಗೆ."

ನನ್ನನ್ನು ಯಾರೂ ಕೇಳಲಿಲ್ಲ. ಹನ್ನೊಂದು ವರ್ಷದ ಹುಡುಗಿಯನ್ನು ಕೇಳುವ ರೂಢಿ ನಮ್ಮಲ್ಲಿ ಇಲ್ಲ. ಕೇಳಿದ್ದರೂ ಅವ್ವನ ಮುಖ ನೋಡಿ ನಾನು ಏನನ್ನುತ್ತಿದ್ದೆನೋ ಗೊತ್ತಿಲ್ಲ.

ಮೊದಲ ಮಳೆ ಬಿದ್ದ ವಾರ ಇಬ್ಬರಿಗೂ ಆಪರೇಶನ್ ಆಯಿತು. ಮೊದಲು ನನಗೆ, ಎರಡು ದಿನ ಬಿಟ್ಟು ಅವಳಿಗೆ. ನನಗೆ ಎಚ್ಚರವಾದಾಗ ಹೊದಿಕೆಯ ತುದಿಯಲ್ಲಿ ಎರಡು ಪಾದ ಜೊತೆಜೊತೆಗೆ ಮೇಲಕ್ಕೆ ನೋಡುತ್ತಿದ್ದವು. ಅವ್ವ ಹತ್ತು ಬೆರಳುಗಳನ್ನೂ ಮುಟ್ಟಿ ಮುಟ್ಟಿ ನೋಡಿ ಅತ್ತಳು. ಊರಿಂದ ನೋಡಲು ಬಂದವರೆಲ್ಲ ಹೊದಿಕೆ ಸರಿಸಿ, "ಅಯ್ಯೋ, ಕಾಲು ಹಂಗೇ ಐತಲ್ಲ ಕಣವ್ವ" ಎಂದು ಬೆರಗಾದರು. ಮೂಸಂಬಿ ಚೀಲಗಳು ಮಂಚದ ಕೆಳಗೆ ರಾಶಿ ಬಿದ್ದವು. ಪಕ್ಕದ ಮಂಚಕ್ಕೆ ಬಂದವರು ಪವಿತ್ರಳ ಹೊದಿಕೆ ಸರಿಸುತ್ತಿರಲಿಲ್ಲ. ದೂರದಲ್ಲೇ ನಿಂತು ಸಾಕಮ್ಮನ ಹತ್ತಿರ ಮಾತಾಡಿ, ಹಣ್ಣು ಇಟ್ಟು ಹೋಗುತ್ತಿದ್ದರು. ಸಂಕ್ರಾಂತಿಯಿಂದ ಅವಳ ಎದುರು ನಾನು ಗೆದ್ದದ್ದು ಅದೇ ಮೊದಲು. ಹದಿನೈದು ದಿನ ಆ ಗೆಲುವನ್ನು ಚೆನ್ನಾಗಿ ಅನುಭವಿಸಿದೆ. ಸಾಕಮ್ಮ ಒಮ್ಮೆ ನನ್ನ ಪಾದವನ್ನೇ ದಿಟ್ಟಿಸುತ್ತ ನಿಂತದ್ದನ್ನು ಕಂಡು, ಬೇಕೆಂದೇ ಬೆರಳು ಆಡಿಸಿದೆ.

ಪವಿತ್ರ ಮಾತ್ರ ಸೋತವಳಂತೆ ಇರಲಿಲ್ಲ. ಬ್ಯಾಂಡೇಜು ಬಿಚ್ಚಿದ ದಿನ ಕತ್ತು ಉದ್ದ ಮಾಡಿ ನೋಡಿದಳು. ಮಂಡಿ ಇರಬೇಕಾದ ಜಾಗದಲ್ಲಿ ಹಿಮ್ಮಡಿ ಇತ್ತು. ಬೆರಳುಗಳು ಹಿಂದೆಲ್ಲೋ ಇದ್ದವು. ನರ್ಸು ಕನ್ನಡಿ ಹಿಡಿದು ತೋರಿಸಿದರು. ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ನೋಡವ್ವ, ನನ್ ಮೇಲೆ ಮುನಿಸ್ಕೊಂಡು ಬೆನ್ನಾಕ್ಕೊಂಡ್ ಕೂತವೆ" ಎಂದಳು ಪವಿತ್ರ. ಆಮೇಲೆ ಆ ಬೆರಳುಗಳನ್ನು ಆಡಿಸಿದಳು. ಅವು ಆಡಿದವು.

ಮಳೆಗಾಲವೆಲ್ಲ ಮತ್ತೆ ಔಷಧಿ, ಮತ್ತೆ ರೈಲು. ಊರಲ್ಲಿ ಸೋನೆ ಹಿಡಿದರೆ ಬಿಡುತ್ತಿರಲಿಲ್ಲ, ಅಂಗಳವೆಲ್ಲ ಜಾರು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೊಸ ಮಂಡಿಯನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಿದ್ದೆ. ಮಡಚುವಾಗ ಒಳಗೆ ಯಾರೋ ಚಿಲಕ ಎಳೆದಂತೆ ಆಗುತ್ತಿತ್ತು. ಕೊಟ್ಟಿಗೆಯಲ್ಲಿ ಅವ್ವ ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆಯುವುದು ಅಲ್ಲಿಂದ ಕಾಣುತ್ತಿತ್ತು. ಅಷ್ಟು ದಿನ ಅದನ್ನು ಯಾವತ್ತೂ ಗಮನಿಸಿ ನೋಡಿರಲಿಲ್ಲ, ಒಂದು ದಿನ ನೋಡಿದೆ. ಹಾಗೆ ಕೂರುವುದು ನನಗೆ ಇನ್ನು ಇಲ್ಲ. ಖೋ ಖೋ ಸಾಲಿನಲ್ಲೂ ಹೆಚ್ಚುಕಡಿಮೆ ಹಾಗೆಯೇ ಕೂತು, ಬೆನ್ನಿನ ಮೇಲೆ ಏಟು ಬಿದ್ದ ಕೂಡಲೇ ಚಿಮ್ಮಬೇಕು. ಅದೂ ಇಲ್ಲ. ಆದರೂ ಪವಿತ್ರಳ ಕಾಲು ನೆನಪಾದರೆ ಸಮಾಧಾನವಾಗುತ್ತಿತ್ತು. ಅಂಥ ಕಾಲಿನಲ್ಲಿ ಓಡುತ್ತಾರೆ ಎಂಬ ಡಾಕ್ಟ್ರ ಮಾತನ್ನು, ಅದನ್ನು ಕಣ್ಣಾರೆ ಕಂಡ ಮೇಲೆ, ನಾನು ನಂಬುವುದು ಬಿಟ್ಟಿದ್ದೆ. ನನಗೆ ಇಲ್ಲದಿದ್ದರೂ ಪರವಾಗಿಲ್ಲ, ಅವಳಿಗೂ ಇಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ದೀಪಾವಳಿ ಕಳೆದ ಮೇಲೆ, ಕೊನೆಯ ಸಲದ ಔಷಧಿಗೆ ಹೊರಟಾಗ ಅರಸೀಕೆರೆಯಲ್ಲಿ ಅವರು ನಮಗಿಂತ ಮೊದಲೇ ಬಂದಿದ್ದರು. ಪವಿತ್ರ ಕೃತಕ ಕಾಲು ಹಾಕಿಕೊಂಡು ಆಗಲೇ ಒಂದಷ್ಟು ದಿನವಾಗಿತ್ತು. ಉದ್ದ ಲಂಗದ ಕೆಳಗೆ ಎರಡೂ ಕಾಲಿಗೆ ಶೂ. ನಾವು ಬೆಂಚಿನಲ್ಲಿ ಕೂತಿದ್ದಾಗ ರೈಲು ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮೈಕಿನಲ್ಲಿ ಕೂಗಿದರು. ಜನವೆಲ್ಲ ಗಂಟುಮೂಟೆ ಎತ್ತಿಕೊಂಡು ಮೇಲ್ಸೇತುವೆಯ ಕಡೆ ನುಗ್ಗಿತು. ನಾನು ಊರುಗೋಲು ಊರಿಕೊಂಡು, ಅವ್ವನ ಭುಜ ಹಿಡಿದು ಮೆಟ್ಟಿಲ ಹತ್ತಿರ ಬಂದೆ. ಅಷ್ಟರಲ್ಲಿ ಸಾಕಮ್ಮನಿಗೆ ಆಸ್ಪತ್ರೆಯ ಫೈಲು ಇದ್ದ ಚೀಲ ಬೆಂಚಿನ ಮೇಲೆ ಬಿಟ್ಟದ್ದು ನೆನಪಾಯಿತು.

"ಇರವ್ವ, ತತ್ತೀನಿ" ಎಂದು ಪವಿತ್ರ ಓಡಿದಳು.

ಜನರ ನಡುವೆ ಜಾಗ ಮಾಡಿಕೊಂಡು, ಒಬ್ಬನ ಟ್ರಂಕು ದಾಟಿ, ಚೀಲ ಎತ್ತಿಕೊಂಡು ವಾಪಸ್ಸು ಓಡಿ ಬಂದಳು. ಓಟ ಚೆಂದವೇನೂ ಇರಲಿಲ್ಲ, ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ. ಆದರೆ ಅದು ಓಟ. ಎರಡೂ ಕಾಲು ಒಮ್ಮೊಮ್ಮೆ ನೆಲ ಬಿಟ್ಟದ್ದನ್ನು ನಾನು ನೋಡಿದೆ. ಬಂದವಳೇ ಹಣೆ ಒರೆಸಿಕೊಂಡು, "ಥೂ, ಬೆವೆತೋದೆ" ಎಂದು ಮುಖ ಸಿಂಡರಿಸಿದಳು.

ನನಗೆ ಆದದ್ದನ್ನು ಏನೆಂದು ಹೇಳಲಿ. ಓಡುವುದು ಬೇಡ ಎನ್ನುವವಳಿಗೆ ಓಡುವ ಕಾಲು ಸಿಕ್ಕಿತ್ತು. ಅದೂ ಚೀಲ ತರಲು ಖರ್ಚು ಮಾಡುತ್ತಿದ್ದಳು. ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು, ಅವಳ ಕೈಯ ಚೀಲ ಕಿತ್ತು ಹಳಿಯ ಮೇಲೆ ಎಸೆಯಬೇಕೆನಿಸಿತು. ಅವ್ವನಿಗೆ ಹೇಳೋಣವೆಂದು ತಿರುಗಿದೆ. ಅವ್ವ ನನ್ನನ್ನು ನೋಡುತ್ತಿರಲಿಲ್ಲ. ಪವಿತ್ರಳ ಶೂಗಳನ್ನೇ ನೋಡುತ್ತ ನಿಂತಿದ್ದಳು. ಆ ಮುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆದರೆ ಗುರುತು ಹಿಡಿಯಲು ಕಷ್ಟವಾಗಲಿಲ್ಲ, ಏಕೆಂದರೆ ನನ್ನ ಮುಖವೂ ಆಗ ಹಾಗೆಯೇ ಇದ್ದಿರಬೇಕು.

ರೈಲಿನಲ್ಲಿ ಸಾಕಮ್ಮ ಚಕ್ಕುಲಿ ಕೊಟ್ಟರೆ ಅವ್ವ ತಿನ್ನದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ತುಮಕೂರು ದಾಟಿದ ಮೇಲೆ, ಅವರಿಬ್ಬರೂ ತೂಕಡಿಸುತ್ತಿದ್ದಾಗ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಸಾಕಮ್ಮಂಗೆ ಹೆದ್ರಿಕೆ ಆಗ್ನಿಲ್ಲ ನೋಡು. ನಂಗಾಯ್ತು."

ಅವಳು ಅಳುತ್ತಾಳೇನೋ ಎಂದು ಕಾದೆ, ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಕ್ಕುಲಿ ಮುರಿದು ಅರ್ಧ ನನಗೆ ಕೊಟ್ಟಳು, ಇಬ್ಬರೂ ತಿಂದೆವು.

ಆ ವರ್ಷ ಮುಗಿಯಿತು. ಇಬ್ಬರೂ ಬದುಕಿದೆವು. ಇದನ್ನು ಇಷ್ಟು ಸಣ್ಣದಾಗಿ ಹೇಳಬಾರದು, ಆದರೆ ಬದುಕಿದ ಮೇಲೆ ಮನುಷ್ಯರಿಗೆ ಬೇರೆ ಬೇರೆ ಆಸೆಗಳು ಶುರುವಾಗುತ್ತವೆ. ನನ್ನ ಕಾಲನ್ನು ಅದಾದ ಮೇಲೆ ಎರಡು ಸಲ ಬಿಚ್ಚಿ ಜೋಡಿಸಿದ್ದಾರೆ, ಒಮ್ಮೆ ಉದ್ದ ಸಾಲದೆ, ಒಮ್ಮೆ ಒಳಗಿನ ಲೋಹ ಸಡಿಲವಾಗಿ. ಆ ಕಾಲಿನ ಮೇಲೆ ನನಗೆ ದ್ವೇಷವಿಲ್ಲ. ಅದು ನನ್ನನ್ನು ಕಾಲೇಜು ಮೆಟ್ಟಿಲು ಹತ್ತಿಸಿದೆ, ಊರಿನ ಹಾಲಿನ ಡೈರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕೆ ದಿನವೂ ಕರೆದುಕೊಂಡು ಹೋಗುತ್ತದೆ. ಪವಿತ್ರ ಅರಸೀಕೆರೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾಳೆ. ಬೆಳೆದಂತೆ ಕೃತಕ ಕಾಲು ಬದಲಿಸಿದ್ದು ಬಿಟ್ಟರೆ ಅವಳು ಮತ್ತೆ ಆಪರೇಶನ್ ಕೋಣೆಯ ಮುಖ ನೋಡಿಲ್ಲ. ಸ್ಕೂಟಿಯಲ್ಲಿ ಊರೂರು ಸುತ್ತುತ್ತಾಳೆ. ಚಿಕ್ಕ ಮಕ್ಕಳು ಬಣ್ಣದ ಡಬ್ಬಿ ಎತ್ತಿಕೊಂಡು ಓಡಿದರೆ ಹಿಂದೆಯೇ ಓಡಿ ಹಿಡಿಯಬೇಕು, ಅದೊಂದು ದೊಡ್ಡ ಕಾಟ ಎಂದು ಫೋನಿನಲ್ಲಿ ನನ್ನ ಹತ್ತಿರ ಗೊಣಗುತ್ತಾಳೆ. ನನ್ನ ಹತ್ತಿರವೇ.

ಹೋದ ತಿಂಗಳ ತಪಾಸಣೆಯಲ್ಲಿ ಡಾಕ್ಟ್ರು ಒಂದು ಮಾತು ಹೇಳಿದ್ದರು. ಬೇಲೂರಿನ ಹುಡುಗಿಯೊಬ್ಬಳಿದ್ದಾಳೆ, ಧನ್ಯ ಅಂತ, ಹತ್ತು ವರ್ಷ, ನಿಮ್ಮದೇ ಕಾಯಿಲೆ. ಆಪರೇಶನ್ ಹತ್ತಿರ ಬಂದಿದೆ, ಮನೆಯವರು ಒಪ್ಪುತ್ತಿಲ್ಲ. ನೀವಿಬ್ಬರೂ ಒಮ್ಮೆ ಹೋಗಿ ಮಾತಾಡಿಸಿ. ಇದೇ ಮಾಡಿಸಿ, ಅದೇ ಮಾಡಿಸಿ ಎಂದು ಹೇಳಬೇಡಿ, ನಿಮಗೆ ಆದ ಅನುಭವ ಹೇಳಿ ಸಾಕು.

ಮೊನ್ನೆ ಭಾನುವಾರ ಪವಿತ್ರ ಹಳೇಬೀಡಿಗೆ ಬಂದು ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬೇಲೂರಿಗೆ ಹೋದಳು. ಮನೆಯಲ್ಲಿ ಧನ್ಯ, ಅವಳ ತಾಯಿ, ಅಜ್ಜಿ. ಹುಡುಗಿಯ ತಲೆಗೆ ಹೂವಿನ ಬಟ್ಟೆ ಕಟ್ಟಿದ್ದರು. ತಾಯಿ ಕಾಫಿ ಕೊಟ್ಟು ಗೋಡೆಗೊರಗಿ ನಿಂತಳು. ಮಾತೆಲ್ಲ ಅಜ್ಜಿಯದೇ. ನನ್ನ ಪ್ಯಾಂಟಿನ ಕೆಳಗಿನ ಪಾದ ಮುಟ್ಟಿ ನೋಡಿ, "ಇದು ನೋಡು ಎಷ್ಟು ಲಕ್ಷಣವಾಗೈತೆ. ಮಾಡಿದ್ರೆ ಇದನ್ನ ಮಾಡ್ಸನ" ಎಂದರು. ಪವಿತ್ರ ಚಾಪೆಯ ಮೇಲೆ ಕೂತು, ಕೃತಕ ಕಾಲು ಕಳಚಿ ಪಕ್ಕಕ್ಕಿಟ್ಟು, ಒಳಗಿನ ಕಾಲುಚೀಲ ಎಳೆದಳು. ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡರು.

"ಮುಚ್ಕೊಳವ್ವ ಅದ. ಹಿಂಗಿರೋದು ದೆವ್ವಕ್ಕೆ."

ಅದೇ ಮಾತು. ಪವಿತ್ರ ಮುಚ್ಚಿಕೊಳ್ಳಲಿಲ್ಲ. ಧನ್ಯ ತೆವಳಿಕೊಂಡು ಬಂದು ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಕಚಗುಳಿಯಾಗಿ ಪವಿತ್ರ ನಕ್ಕಳು, ಹುಡುಗಿಯೂ ನಕ್ಕಳು. "ಅಕ್ಕ, ಓಡ್ತೀರಾ?" ಎಂದು ಕೇಳಿದಳು. "ಓಡ್ತೀನಿ, ಆದ್ರೆ ನಂಗಿಷ್ಟ ಇಲ್ಲ" ಎಂದಳು ಪವಿತ್ರ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮನೆಯೊಳಗೆ ಬಂದಾಗಿನಿಂದ ಆ ಹುಡುಗಿ ನನ್ನ ಕಡೆ ನೋಡಿರಲೂ ಇಲ್ಲ.

ಕೊನೆಗೆ ತಾಯಿಯೇ ಕೇಳಿದಳು. "ನೀನ್ ಹೇಳವ್ವ. ನಿಂದು ನೋಡಕ್ಕೆ ಕಾಲಿದ್ದಂಗೇ ಐತೆ. ನಿಂಗೆ ಏನ್ ಅನ್ನಿಸ್ತದೆ?"

ಅನುಭವ ಹೇಳಿ ಎಂದಿದ್ದರು ಡಾಕ್ಟ್ರು. ಹೇಳಿದೆ.

"ನಂಗೆ ಇವಳ ಕಾಲು ಕಂಡ್ರೆ ಹೊಟ್ಟೆ ಉರೀತದೆ."

ಅಜ್ಜಿ ತಿರುಗಿದರು. "ಏನಂದೆ?"

"ಹೊಟ್ಟೆ ಉರೀತದೆ ಅಂದೆ ಅಜ್ಜಿ. ಆರನೇ ಕ್ಲಾಸಿಂದ ಉರೀತಾ ಐತೆ. ಇವಳು ಓಡೋದು ಕಂಡ್ರೆ, ಮೆಟ್ಟಿಲು ಇಳಿಯೋದು ಕಂಡ್ರೆ, ಆ ಕಾಲು ನಂಗ್ಯಾಕೆ ಸಿಕ್ಲಿಲ್ಲ ಅಂತ. ದಾರೀಲಿ ಬರ್ತಾ ಸ್ಕೂಟಿ ಹಿಂದೆ ಕೂತಿದ್ನಲ್ಲ, ಆಗ್ಲೂ ಉರೀತಿತ್ತು. ದೆವ್ವ ಕಂಡ್ರೆ ಯಾರಾದ್ರೂ ಹೊಟ್ಟೆ ಉರ್ಕೊಂತಾರಾ?"

"ನಂಗ್ ಗೊತ್ತು ಕಣೇ" ಎಂದಳು ಪವಿತ್ರ. ತಲೆ ಎತ್ತಲಿಲ್ಲ, ಧನ್ಯಳ ಬೆರಳುಗಳನ್ನು ಹಿಡಿದುಕೊಂಡಿದ್ದಳು.

ಅಜ್ಜಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ತಮಾಷೆ ಮಾಡುತ್ತಿಲ್ಲ ಎಂದು ಅವರಿಗೆ ಖಾತ್ರಿಯಾಗಿರಬೇಕು. ಆಮೇಲೆ ಮೊದಲ ಸಲ ಪವಿತ್ರಳ ಕಾಲನ್ನು ನೆಟ್ಟಗೆ ನೋಡಿದರು. ಎದ್ದು ಅಡುಗೆಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತರು.

"ಇಂಥ ಕಣ್ಣು ಇಟ್ಕೊಂಡು ಆಗ್ಲಿಂದ ಎದುರಿಗೇ ಕೂತಿದ್ದೀಯಲ್ಲೇ" ಎಂದು ನನ್ನನ್ನು ಗದರಿದರು. "ಆಚೆ ಹೋಗಿ ಕೂತ್ಕೊ ಹೋಗು. ನಾಳೆ ನಮ್ಮುಡುಗಿಗೂ ಇಂಥದೇ ಕಾಲಾಗೋದು. ಅದ್ರ ಮೇಲೂ ಬಿದ್ದಾತು ನಿನ್ ಕಣ್ಣು."

ಧನ್ಯಳ ತಾಯಿ ಗೋಡೆ ಬಿಟ್ಟು ಮುಂದೆ ಬಂದಳು. ಅಜ್ಜಿ ಮುಷ್ಟಿಯನ್ನು ಆ ಹಿಮ್ಮಡಿಯ ಮೇಲಿಂದ ಬೆರಳಿನವರೆಗೆ ನಿಧಾನವಾಗಿ ಇಳಿಸಿ ತೆಗೆಯತೊಡಗಿದ್ದರು. "ನಿಜವಾಗ್ಲೂ ದೃಷ್ಟಿ ಆಗೈತಾ ಅಜ್ಜಿ?" ಎಂದು ಪವಿತ್ರ ಕೇಳಿದ್ದು ಬಾಗಿಲು ದಾಟುವಾಗ ಕೇಳಿಸಿತು.

"ಒಲೆಗ್ ಹಾಕಿದ್ರೆ ಗೊತ್ತಾಯ್ತದೆ. ದೃಷ್ಟಿ ಆಗಿದ್ರೆ ಘಾಟು ಬರಕಿಲ್ಲ."

ನಾನು ಜಗುಲಿಯ ಮೇಲೆ ಎಡಗಾಲು ನೀಡಿಕೊಂಡು ಕೂತೆ. ಬಚ್ಚಲ ಒಲೆಯ ಕಡೆಯಿಂದ ಮೆಣಸಿನಕಾಯಿ ಚಟಪಟ ಸಿಡಿಯುವುದು ಕೇಳಿಸಿತು. ದುಪಟ್ಟ ಮೂಗಿಗೆ ಹಿಡಿದುಕೊಂಡು ಕಾದೆ, ಆಮೇಲೆ ತೆಗೆದು ಪಕ್ಕಕ್ಕಿಟ್ಟೆ. ಒಳಗೆ ಒಬ್ಬರೂ ಕೆಮ್ಮಲಿಲ್ಲ.